ನೇವಿ ಬೂಟಿಗೆ ಔಡಲೆಣ್ಣೆ

ನಮ್ಮ ಮನೆಯಲ್ಲಿ ಒಂದು ಚಮಚಕ್ಕೆ ಹೊಸ್ತಿಲು ದಾಟಿ ಒಳಗೆ ಬರುವ ಹಕ್ಕಿರಲಿಲ್ಲ. ಅದು ಹೊರಗಿನ ಕಟ್ಟೆಯ ಮೇಲೆ, ಗೋಡೆಯ ಗೂಡಿನಲ್ಲಿ, ಪಾಲಿಶ್ ಡಬ್ಬಿಯ ಮಗ್ಗುಲಲ್ಲಿ ಮಲಗಿರುತ್ತಿತ್ತು. ಮೊದಲು ಅದೂ ಅಡುಗೆಮನೆಯ ಚಮಚವೇ. ಹದಿನೈದು ವರ್ಷ ನೌಕಾಪಡೆಯಲ್ಲಿ ದುಡಿದು ಅಪ್ಪ ಊರಿಗೆ ಮರಳಿದ ಮೊದಲನೆಯ ವಾರ ಅದನ್ನು ಕೇಳದೆ ತೆಗೆದುಕೊಂಡು, ಹಿಡಿಕೆಯನ್ನು ಒಲೆಯ ಕೆಂಡದಲ್ಲಿ ಕಾಸಿ, ತನ್ನ ಕರಿ ಬೂಟಿನ ಮೂತಿಯ ಮೇಲೆ ಇಸ್ತ್ರಿ ಹಾಕಿದ ಹಾಗೆ ಎಳೆದ. ಚರ್ಮದ ಮೇಲಿನ ಸಣ್ಣ ಸಣ್ಣ ಗುಳ್ಳೆಗಳು ಹಾಗೆ ಮಾಡಿದರೆ ಕೂತುಬಿಡುತ್ತವಂತೆ. ಅದು ಅವನು ಹಡಗಿನಲ್ಲಿ ಕಲಿತ ವಿದ್ಯೆ. ಕೆಲಸ ಮುಗಿಸಿ ಚಮಚ ತೊಳೆದು ಒಳಗೆ ತರುವಷ್ಟರಲ್ಲಿ ಬಾಗಿಲಲ್ಲಿ ಆಯಿ ನಿಂತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಅವಳು ಅಪ್ಪನ ಮುಖ ನೋಡಲಿಲ್ಲ. ಪಡಸಾಲೆಯ ಕಂಬದ ಕಡೆ ತಿರುಗಿ ಮಾತಾಡಿದಳು.

"ಚರ್ಮಕ್ಕ ಮುಟ್ಟಿಸಿದ್ದು ಒಲಿ ಮುಂದ ಬರಬಾರದು ಅಂತ ಹೇಳ ಅವಗ."

ಹೇಳಬೇಕಾದವಳು ನಾನು. ಅಪ್ಪ ಎರಡು ಮಾರು ದೂರದಲ್ಲೇ ನಿಂತಿದ್ದ, ಅವನ ಕಿವಿ ಚೆನ್ನಾಗಿಯೇ ಇದ್ದವು. ಆದರೂ ನಾನು ಹೋಗಿ ಅದನ್ನೇ ಇನ್ನೊಮ್ಮೆ ಹೇಳಿದೆ, ಅಪ್ಪ "ಆತು ಅನ್ನು" ಅಂದ, ನಾನು ತಿರುಗಿ ಬಂದು "ಆತಂತ" ಅಂದೆ. ಮೂರನೆಯ ಇಯತ್ತೆಯಲ್ಲಿದ್ದ ನನಗೆ ಅದೇ ದೊಡ್ಡ ನೌಕರಿ. ನಾನು ಸಾಲೆಗೆ ಹೋದಾಗ ಆ ನೌಕರಿಯನ್ನು ಅವ್ವ ಮಾಡುತ್ತಿದ್ದಳು. ಅವ್ವ ನೀರಿಗೆ ಹೋಗಿದ್ದರೆ ಆಯಿ ಕಟ್ಟಿದ ಎತ್ತಿಗೆ ಹೇಳುತ್ತಿದ್ದಳು. "ರೊಟ್ಟಿ ಆರಾಕತ್ತಾವ" ಎಂದು ಎತ್ತಿಗೆ ಸುದ್ದಿ ಮುಟ್ಟಿದ ಮೇಲೆ ಅಪ್ಪ ಎದ್ದು ಕೈ ತೊಳೆಯುತ್ತಿದ್ದ.

ನಮ್ಮೂರು ಶಲವಡಿಯಿಂದ ಒಂದು ಹರದಾರಿ, ಸುತ್ತಲೂ ಎರೆ ಹೊಲ. ಮನೆ ಆ ಕಡೆಯ ಎಲ್ಲ ಮನೆಗಳ ಹಾಗೆಯೇ: ಮಣ್ಣಿನ ಮಾಳಿಗೆ, ಹೊರಗೆ ಕಟ್ಟೆ, ಬಾಗಿಲು ದಾಟಿದ ಕೂಡಲೇ ಎತ್ತು ಕಟ್ಟುವ ತಗ್ಗು ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಆಮೇಲೆ ಕತ್ತಲೆಯ ನಡುಮನೆ, ಕೊನೆಗೆ ಬೆಳಕಿಂಡಿಯ ಕೆಳಗೆ ಅಡುಗೆಯ ಒಲೆ. ಎತ್ತು ಒಳಗೆ ಬರಬಹುದು, ಎತ್ತಿನ ಚರ್ಮದಿಂದ ಮಾಡಿದ ಬೂಟು ಬರಬಾರದು. ಇದರ ನ್ಯಾಯ ಏನೆಂದು ನಾನೊಮ್ಮೆ ಕೇಳಿ ಆಯಿಯ ಕೈಯಿಂದ ತಲೆಗೆ ಒಂದು ಮೊಟಕು ತಿಂದಿದ್ದೇನೆ. ಅಪ್ಪ ಈ ವಿಷಯಕ್ಕೆ ಎಂದೂ ವಾದ ಹೂಡಲಿಲ್ಲ. ಕಟ್ಟೆಯ ಮೂಲೆಯಲ್ಲಿ ಮಳೆ ಬೀಳದ ಕಡೆ ಎರಡು ಇಟ್ಟಂಗಿ ಇಟ್ಟು, ಅವುಗಳ ಮೇಲೆ ಒಂದು ಹಲಗೆ ಹಾಸಿ, ಬೂಟುಗಳನ್ನು ಮೂತಿ ಹೊರಗೆ ಮಾಡಿ ಜೋಡಿಸಿಟ್ಟ.

ತಾಯಿ ಮಗನ ನಡುವೆ ಮಾತು ಏಕೆ ನಿಂತಿತೆಂದು ನನಗೆ ಅವ್ವ ಹೇಳಿದ್ದು, ರೊಟ್ಟಿ ಬಡಿಯುತ್ತಾ, ತುಂಡು ತುಂಡಾಗಿ. ಅಪ್ಪ ಒಬ್ಬನೇ ಮಗ. ಮೀಸೆ ಮೂಡುವ ಮುನ್ನ ಮನೆಯಲ್ಲಿ ಹೇಳದೆ ಅಣ್ಣಿಗೇರಿಯ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿದವನು. ಅದನ್ನು ಆಯಿ ಹೇಗೋ ನುಂಗಿಕೊಂಡಿದ್ದಳು. ರಜೆಗೆ ಬಂದಾಗ ಅವನಿಗೆ ಮದುವೆಯನ್ನೂ ಮಾಡಿದಳು. ಆದರೆ ನಾನು ಹುಟ್ಟುವ ಮುನ್ನ ಅಜ್ಜ ಸತ್ತಾಗ ಅಪ್ಪ ಸಮುದ್ರದ ಮೇಲಿದ್ದ. ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ದಾಯಾದಿಗಳ ಹುಡುಗನೊಬ್ಬ ಹಾಕಿದ. ಅಪ್ಪ ರಜೆ ಸಿಕ್ಕು ಊರಿಗೆ ಬಂದಾಗ ಮೂರು ತಿಂಗಳು ಕಳೆದು ಗೋರಿಯ ಮೇಲೆ ಹುಲ್ಲು ಬಂದಿತ್ತು. ಬಾಗಿಲಲ್ಲಿ ಆಯಿ, "ಮಣ್ಣ ಕೊಡಾಕ ಬರಲಿಲ್ಲ, ಉಣ್ಣಾಕ ಬಂದಾನ" ಎಂದು ಅದೇ ಕಂಬಕ್ಕೆ ಹೇಳಿ ಒಳಗೆ ಹೋದಳಂತೆ. ಅಂದಿನಿಂದ ಅವಳು ಅವನಿಗೆ ನೇರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಅಪ್ಪ ಬೇರೆ ಊರಲ್ಲಿ ನೌಕರಿ ಹಿಡಿಯಬಹುದಿತ್ತು, ಕರೆಯುವವರೂ ಇದ್ದರು. ಅವನು ಊರಿಗೇ ಬಂದದ್ದು ಆಯಿ ಸಾಯುವುದರೊಳಗೆ ಒಮ್ಮೆ ಮಾತಾಡಿಸಲಿ ಎಂಬ ಒಂದೇ ಆಸೆಗೆ. ಇದನ್ನೂ ಅವ್ವನೇ ಹೇಳಿದ್ದು. ನನಗೂ ಆಗ ಬೇರೆ ಆಸೆ ಇರಲಿಲ್ಲ. ದೇವರಿಗೆ ಕೈಮುಗಿದಾಗೆಲ್ಲ ಅದನ್ನೇ ಕೇಳುತ್ತಿದ್ದೆ. ಇಬ್ಬರ ನಡುವೆ ಓಡಾಡಿ ಸಾಕಾಗಿತ್ತು ಎಂಬುದೂ ಸುಳ್ಳಲ್ಲ.

ಬೂಟಿನ ಪೂಜೆ ನಡೆಯುತ್ತಿದ್ದದ್ದು ಪ್ರತಿ ರವಿವಾರ ಮುಂಜಾನೆ, ಎಳೆ ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ. ಪೂಜೆ ಎನ್ನುವುದು ಅವ್ವ ಇಟ್ಟ ಹೆಸರು, ಅಪ್ಪನಿಗೆ ಕೇಳಿಸದ ಹಾಗೆ. ಮೊದಲು ಒದ್ದೆ ಅರಿವೆಯಿಂದ ಒರೆಸುವುದು. ಅದಕ್ಕೆ ಅರ್ಧ ಲೋಟದ ಮೇಲೆ ಒಂದು ಹನಿ ನೀರನ್ನೂ ಅವನು ಬಳಸುತ್ತಿರಲಿಲ್ಲ. ಸುತ್ತ ಕಣ್ಣು ಹಾಯುವಷ್ಟು ನೀರಿದ್ದರೂ ಹಡಗಿನಲ್ಲಿ ಸಿಹಿನೀರು ಅಳತೆಯದು, ಉಪ್ಪುನೀರು ತಾಗಿದರೆ ಚರ್ಮದ ಮೇಲೆ ಬಿಳಿ ಗೆರೆ ಎದ್ದು ಬಿಡುತ್ತದೆ, ಆಮೇಲೆ ಅದು ಹೋಗುವುದಿಲ್ಲ. ಒರೆಸಿದ ಮೇಲೆ ಒಳಗೆ ಹಳೆ ಪೇಪರು ತುರುಕಿ ನೆರಳಿನಲ್ಲಿ ಆರಿಸುವುದು. ಬಿಸಿಲಿಗೆ ಇಡಬಾರದು, ಒಲೆಯ ಹತ್ತಿರ ಅಂತೂ ತರಲೇಬಾರದು. ಈ ಒಂದು ವಿಷಯದಲ್ಲಿ ಅವನದೂ ಆಯಿಯದೂ ಒಂದೇ ಮತ. ಆಮೇಲೆ ತೋರುಬೆರಳಿಗೆ ಮೆತ್ತನೆಯ ಅರಿವೆ ಬಿಗಿಯಾಗಿ ಸುತ್ತಿ, ಎಳ್ಳಿನಷ್ಟು ಪಾಲಿಶ್ ಹಚ್ಚಿ, ಒಂದು ಹನಿ ನೀರು ಮುಟ್ಟಿಸಿ, ಸಣ್ಣ ಸಣ್ಣ ಸುತ್ತು ಹಾಕುತ್ತಾ ಹೋಗುವುದು. ಒಂದು ಪದರ ಆರಿದ ಮೇಲೆ ಇನ್ನೊಂದು. ವರ್ಷಗಟ್ಟಲೆ ಹೀಗೆ ಕೂತ ಮೇಣದಿಂದ ಬೂಟಿನ ಮೂತಿ ಕನ್ನಡಿಯಾಗಿತ್ತು. ಅದರಲ್ಲಿ ಕಟ್ಟೆ, ಬೇವಿನ ಗಿಡ, ಮೂಗು ದೊಡ್ಡದಾದ ನಾನು, ಎಲ್ಲರೂ ಕಾಣುತ್ತಿದ್ದೆವು.

ದಂಡಿನವರ ಬೂಟಿಗೂ ನೇವಿಯವರ ಬೂಟಿಗೂ ಇರುವ ವ್ಯತ್ಯಾಸವನ್ನು ಅಪ್ಪ ನನಗೆ ತಿರುಗಿಸಿ ತೋರಿಸುತ್ತಿದ್ದ. ದಂಡಿನವರ ಅಟ್ಟೆಯ ತುಂಬ ಮೊಳೆ, ಹಿಮ್ಮಡಿಗೆ ಎತ್ತಿಗೆ ಹೊಡೆಯುವ ಹಾಗೆ ಲಾಳ. ಅಪ್ಪನ ಬೂಟಿಗೆ ಒಂದು ಮೊಳೆಯೂ ಇಲ್ಲ. ಹಡಗಿನ ಉಕ್ಕಿನ ನೆಲದ ಮೇಲೆ ಮೊಳೆ ಜಾರುತ್ತದೆ. ಮದ್ದುಗುಂಡು ಇಡುವ ಕೋಣೆಯಲ್ಲಾದರೆ ಒಂದು ಕಿಡಿ ಸಾಕು. ಹಿಂದಿನ ಕಾಲದಲ್ಲಿ ಮರದ ಹಡಗುಗಳ ಮೇಲೆ ಬರಿಗಾಲಲ್ಲೇ ಓಡಾಡುತ್ತಿದ್ದರಂತೆ, ಬೂಟು ಬಂದರಿಗೆ ಇಳಿಯುವಾಗ ಮಾತ್ರ. ಮೊಳೆ ಇಲ್ಲದ್ದರಿಂದ ಅಪ್ಪನ ಹೆಜ್ಜೆಗೆ ಸಪ್ಪಳವೂ ಇರಲಿಲ್ಲ. ಬೆಕ್ಕು ಬಂದ ಹಾಗೆ ಬಂದು ನಿಲ್ಲುತ್ತಾನೆ ಎಂಬುದು ಆಯಿಯ ಇನ್ನೊಂದು ದೂರು, ಅದನ್ನೂ ನಾನೇ ಮುಟ್ಟಿಸಿದ್ದೆ. ಬೂಟಿನ ಮೇಲೆ ಕಾಲ್ಗಂಟಿಗೆ ಕಟ್ಟುವ ಕ್ಯಾನ್ವಾಸಿನ ಬಿಳಿ ಪಟ್ಟಿಗಳ ಜವಾಬ್ದಾರಿ ಮಾತ್ರ ನನ್ನದಾಗಿತ್ತು. ಸಾಲೆಯಲ್ಲಿ ಹಲಗೆಯ ಮೇಲೆ ಬರೆಯುವ ಬಿಳಿ ಖಡುವಿನ ತುಂಡುಗಳನ್ನು ಅರೆದು, ನೀರಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಬಳಿಯುತ್ತಿದ್ದೆ. ಮುಂದೆ ನರ್ಸಾಗಿ ಮೂವತ್ತು ವರ್ಷ ಬಿಳಿ ಬೂಟು ಹಾಕಿಕೊಂಡೆ. ನನ್ನ ಬೂಟು ನೋಡಿ ಹೊಸ ಹುಡುಗಿಯರು ಹೆದರುತ್ತಿದ್ದರು ಎನ್ನುವುದು ನನಗೆ ಗೊತ್ತಿತ್ತು, ಹೆದರಲಿ ಎಂದೇ ಬಿಟ್ಟಿದ್ದೆ. ಅಪ್ಪನ ಬೂಟನ್ನು ಮಾತ್ರ ಯಾರೂ ಮುಟ್ಟಬಾರದು. ಅವನು ನನಗೆ ಕಲಿಸಿದ ಮೊದಲ ನಿಯಮ ಇದು:

"ಪಾಲಿಶಿಗೆ ಎಣ್ಣಿ ಸೋಂಕಬಾರದು, ಗಿರಿಜಾ. ಎಣ್ಣಿ ಸೋಂಕಿತೋ, ಎಲ್ಲಾ ಬಿಚ್ಚಿಕೊಂಡ ಬಿಡತೈತಿ."

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಸಾಲೆಯ ದೊಡ್ಡ ಮಾಸ್ತರರು ಮನೆಗೇ ಬಂದು, ಈ ಸಲ ಆಗಸ್ಟ್ ಹದಿನೈದರ ಧ್ವಜ ನೀವೇ ಏರಿಸಬೇಕು, ಹುಡುಗರ ಸೆಲ್ಯೂಟೂ ನೀವೇ ತಗೋಬೇಕು ಎಂದರು. ಅಪ್ಪ ಕೂಡಲೇ ಒಪ್ಪಲಿಲ್ಲ, ಓರೆಗಣ್ಣಿನಿಂದ ಒಳಗೆ ನೋಡಿದ. ಒಳಗಿಂದ ಯಾವ ಕಂಬಕ್ಕೂ ಯಾವ ಮಾತೂ ಬರಲಿಲ್ಲ. ಹಾಗಾಗಿ ಒಪ್ಪಿದ. ಆ ಎರಡು ವಾರ ಬೂಟಿಗೆ ಪ್ರತಿದಿನ ಪೂಜೆ. ನಾಗರಪಂಚಮಿಯ ಉಂಡಿ ತಿನ್ನುವಾಗಲೂ ಅಪ್ಪನ ಬೆರಳಿಗೆ ಅರಿವೆ ಸುತ್ತಿತ್ತು. ಬೂಟು ಹೊಳೆದಷ್ಟೂ ಆಯಿ ಮುಖ ಬಿಗಿ ಮಾಡಿಕೊಳ್ಳುತ್ತಿದ್ದಳು, ಹಾಗಂತ ನಾನು ತಿಳಿದಿದ್ದೆ.

ಹಿಂದಿನ ದಿನ ಮಧ್ಯಾಹ್ನ ಅಪ್ಪ ಧ್ವಜದ ಕಂಬ ನಿಲ್ಲಿಸಲು ಸಾಲೆಗೆ ಹೋಗಿದ್ದ, ಅವ್ವ ಹೊಲಕ್ಕೆ. ಹನಿ ಮಳೆ ಶುರುವಾಗಿ ಗಾಳಿಗೆ ಸಿಂಪರಣೆ ಕಟ್ಟೆಯ ಮೂಲೆಯವರೆಗೂ ಬರತೊಡಗಿತು. ಪಡಸಾಲೆಯಲ್ಲಿ ಕೂತು ಔಡಲ ಬೀಜ ಹಸನು ಮಾಡುತ್ತಿದ್ದ ಆಯಿ ಬಹಳ ಹೊತ್ತು ಹೊರಗೆ ನೋಡಿದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು.

"ಅವನ್ನ ಒಳಗ ತಾ."

"ಯಾವನ್ನ, ಆಯಿ?"

"ನಿಮ್ಮಪ್ಪನ ಬೂಟ. ತೊಯ್ಯಾಕತ್ತಾವ, ಕಾಣಸವಲ್ದೇನ?"

ನಾನು ತಂದು ಗೋಣಿ ತಟ್ಟಿನ ಮೇಲಿಟ್ಟೆ. ಪಡಸಾಲೆಯಲ್ಲಿ ಬೂಟು. ಮಾಳಿಗೆ ಕುಸಿಯಲಿಲ್ಲ. ಆಯಿ ಒಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಬೆರಳು ಮಡಚುವ ಕಡೆಯ ನೆರಿಗೆಯನ್ನು ಉಗುರಿನಿಂದ ಒತ್ತಿದಳು. ಅಲ್ಲಿ ಮೇಣದ ಕೆಳಗೆ ಚರ್ಮ ಕೂದಲೆಳೆಯಂತೆ ಬಿರಿದಿತ್ತು. ನಾನು ಅಷ್ಟು ದಿನ ಕನ್ನಡಿ ನೋಡಿದ್ದೆನೇ ಹೊರತು ಆ ಬಿರುಕು ನೋಡಿರಲಿಲ್ಲ. ಇದಕ್ಕೆ ಎಣ್ಣೆ ಕಾಣಿಸಿ ಎಷ್ಟು ವರ್ಷವಾಯಿತೋ ಎಂದು ಅವಳು ತನ್ನಷ್ಟಕ್ಕೆ ಗೊಣಗಿ, ಗಡಿಗೆಯಿಂದ ಔಡಲೆಣ್ಣೆ, ಅಂದರೆ ಹರಳೆಣ್ಣೆ, ತೆಗೆದು ಬೆಚ್ಚಗೆ ಮಾಡಿಕೊಂಡು ಬಂದಳು. ನಮ್ಮ ಕಡೆ ಚರ್ಮ ಎಂದರೆ ಎಣ್ಣೆ. ಚಪ್ಪಲಿಗೆ, ಎತ್ತಿನ ಮಿಣಿಗೆ, ಬಾರಕೋಲಿಗೆ, ಎಲ್ಲಕ್ಕೂ ಔಡಲೆಣ್ಣೆ. ಅಜ್ಜ ಪರವೂರಿಗೆ ಹೊರಡುವ ಹಿಂದಿನ ದಿನ ಅವನ ಚಪ್ಪಲಿಗೆ ಕಟ್ಟೆಯ ಮೇಲೆ ಕೂತು ಎಣ್ಣೆ ಹಾಕುತ್ತಿದ್ದವಳು ಅವಳೇ.

ನನಗೆ ಗೊತ್ತಿತ್ತು. ಇದನ್ನು ಈಗಲೂ ಮರೆಮಾಚುವುದಿಲ್ಲ. ಒಂದು ಮಾತು ಹೇಳಿದ್ದರೆ ಅವಳ ಕೈ ನಿಲ್ಲುತ್ತಿತ್ತು. ಆದರೆ ಆ ಕೈ ಮಗನ ವಸ್ತುವೊಂದನ್ನು ಮುಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೊದಲು ಅರಿವೆಯಿಂದ, ಆಮೇಲೆ ಬರಿ ಅಂಗೈಯಿಂದ, ಕೂಸಿಗೆ ಎಣ್ಣೆ ತಿಕ್ಕುವಂತೆ ಅವಳು ತಿಕ್ಕಿದಳು. ಹಿಮ್ಮಡಿ, ನಾಲಗೆ, ಹೊಲಿಗೆಯ ಸಂದು ಒಂದನ್ನೂ ಬಿಡಲಿಲ್ಲ. ನೋಡನೋಡುತ್ತ ಕನ್ನಡಿ ಮಸುಕಾಯಿತು, ಕಲಸಿತು, ಕರಿ ಎಣ್ಣೆಯಾಗಿ ಅವಳ ಬೆರಳ ಸಂದಿಗೆ ಬಂತು. ನಾನು ಇನ್ನೊಂದು ಬೂಟನ್ನೂ ಅವಳ ಮುಂದೆ ಸರಿಸಿದೆ. ಅಪ್ಪನ ಹದಿನೈದು ವರ್ಷಕ್ಕಿಂತ ಆ ಅರ್ಧ ಗಂಟೆ ದೊಡ್ಡದೆನಿಸಿತು. ಮಳೆ ನಿಂತ ಮೇಲೆ ಅವಳು ಹೇಳಿದಂತೆ ಬೂಟುಗಳನ್ನು ತಿರುಗಿ ಹಲಗೆಯ ಮೇಲಿಟ್ಟು, ಮೇಲೆ ಗೋಣಿ ತಟ್ಟು ಹೊದಿಸಿದೆ. ಅಪ್ಪ ಬಂದಾಗ ಕತ್ತಲಾಗಿತ್ತು, ತಟ್ಟು ತೆಗೆದು ನೋಡಲಿಲ್ಲ.

ಮುಂಜಾನೆ ನೋಡಿದ. ಬಿಳಿ ಪ್ಯಾಂಟು, ಬಿಳಿ ಅಂಗಿ, ಎದೆಯ ಮೇಲೆ ಎರಡು ಪದಕ, ಕೈಯಲ್ಲಿ ಬೂಟು. ಬೆಳಕಿಗೆ ಹಿಡಿದು ತಿರುಗಿಸಿದ. ಅದು ಎಮ್ಮೆಯ ಮೈಯ ಹಾಗೆ ಮಂಕಾಗಿ, ಮೆತ್ತಗಾಗಿ, ಔಡಲೆಣ್ಣೆಯ ನಾತ ಬೀರುತ್ತಿತ್ತು. ಅವನು ಕೂಗಾಡುವ ಮನುಷ್ಯನಲ್ಲ. ಆ ದಿನ ಅವನ ದನಿ ಇನ್ನೂ ಇಳಿದಿತ್ತು.

"ಯಾರ ಮುಟ್ಟಿದ್ದು?"

"ನಾ, ಅಪ್ಪಾ."

"ಸುಳ್ಳ ಹೇಳಬ್ಯಾಡ. ನಿನಗ ಗೊತ್ತೈತಿ ಎಣ್ಣಿ ಹಚ್ಚಬಾರದಂತ. ಯಾರು?"

"ನಾನ ಹಚ್ಚೇನಿ" ಎಂದು ನಾನು ಮತ್ತೆ ಹೇಳಿದೆ. ಅವನು ನನ್ನ ರಟ್ಟೆ ಹಿಡಿದ. ಹೊಡೆಯಲಿಕ್ಕೋ ಅಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿರಲಿಲ್ಲವೇನೋ. ಒಳಗಿನಿಂದ ಆಯಿ ಬಂದಳು. ಕಂಬ ಅವಳ ಬಲಕ್ಕೇ ಇತ್ತು, ಅದರ ಕಡೆ ತಿರುಗಲಿಲ್ಲ.

"ಆ ಹುಡಿಗೀನ್ಯಾಕ ಹಿಡೀತಿ? ನಾ ಹಚ್ಚೇನಿ. ಒಣಗಿ ಬಿರಕ ಬಿಟ್ಟಿದ್ದು ಕಾಣಸಲಿಲ್ಲೇನ ನಿನಗ?"

ಅಪ್ಪನ ಕೈ ನನ್ನ ರಟ್ಟೆಯಿಂದ ಜಾರಿತು. ಆಯಿ ತಾನೇನು ಮಾಡಿದೆ ಎಂದು ಆಗ ಹೊಳೆದವಳಂತೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿಬಿಟ್ಟಳು. ಅಪ್ಪ ಕಟ್ಟೆಯ ಮೇಲೆ ಕೂತು ಬೂಟು ಹಾಕಿಕೊಂಡ. ನಾನು ಖಡು ಬಳಿದ ಬಿಳಿ ಪಟ್ಟಿ ಕಟ್ಟಿಕೊಂಡಾಗ ಅದರ ಕೆಳ ಅಂಚಿಗೆ ಎಣ್ಣೆ ಹತ್ತಿ ಹಳದಿ ಬಣ್ಣ ಏರತೊಡಗಿತು. ಒಂದು ಸಲ ಅದನ್ನು ನೋಡಿದ, ಒರೆಸಲು ಹೋಗಲಿಲ್ಲ.

ಸಾಲೆಯ ಬಯಲು ರಾತ್ರಿಯ ಮಳೆಗೆ ಕೆಸರಾಗಿತ್ತು. ಎರೆ ಮಣ್ಣಿನ ಕೆಸರು ಕಂಡವರಿಗೇ ಗೊತ್ತು, ಪ್ರತಿ ಹೆಜ್ಜೆಗೂ ಅರ್ಧ ಸೇರು ಕಾಲಿಗೆ ಮೆತ್ತಿಕೊಂಡು ಬರುತ್ತದೆ. ನಾನು ಮುಂದಿನ ಸಾಲಿನಲ್ಲಿ ನಿಂತು ಧ್ವಜ ನೋಡುವುದು ಬಿಟ್ಟು ಅಪ್ಪನ ಕಾಲು ನೋಡುತ್ತಿದ್ದೆ. ಊರಿನವರೂ ನೋಡುತ್ತಾರೆ, ನಗುತ್ತಾರೆ ಎಂದು ಹೆದರಿದ್ದೆ. ಯಾರೂ ನೋಡಲಿಲ್ಲ. ಅಪ್ಪ ಕಂಬದವರೆಗೆ ನಡೆದ ರೀತಿಗೆ ಎಲ್ಲರೂ ಅವನ ಬೆನ್ನನ್ನೇ ನೋಡುತ್ತಿದ್ದರು. ಗಂಟು ಎಳೆದ, ಧ್ವಜ ಬಿಚ್ಚಿತು, ಸೆಲ್ಯೂಟ್ ಹೊಡೆದ. ಹೊಡೆದ ಕೈ ಇಳಿಸುವುದನ್ನು ಸ್ವಲ್ಪ ಮರೆತವನಂತೆ ನಿಂತ. ದೊಡ್ಡ ಮಾಸ್ತರರು ಒಮ್ಮೆ ಕೆಮ್ಮಬೇಕಾಯಿತು.

ಮರಳಿ ಬರುವಾಗ ಚಪ್ಪಲಿ ಹೊಲಿಯುವ ಹನಮಂತಪ್ಪ ಕಾಕಾನ ಗುಡಿಸಲಿನ ಮುಂದೆ ಅಪ್ಪ ನಿಂತ. ಬೂಟು ಬಿಚ್ಚಿ, ಕೆಸರು ಕೆರೆದು, ಇದರ ಮೇಲೆ ತಿರುಗಿ ಪಾಲಿಶ್ ಕೂರುತ್ತದೆಯೇ ಎಂದು ಕೇಳಿದ. ಕಾಕಾ ಅದನ್ನು ಮಡಚಿ ನೋಡಿದ, ಒಳಗೆ ಕೈ ಹಾಕಿ ನೋಡಿದ, ಮೂಸಿಯೂ ನೋಡಿದ.

"ಪಾಲಿಶ್ ಗೊತ್ತಿಲ್ರಿ. ಒಳಗ ಒಂದ ಹನಿ ನೀರ ಹೋಗಿಲ್ಲ ನೋಡ್ರಿ. ಇನ್ನೊಂದ ಮಳಿಗಾಲ ತಡೀತಿದ್ದಿಲ್ಲ ಇದು. ಯಾರ ಹಚ್ಯಾರೋ, ತಿಳದವರ ಹಚ್ಯಾರ."

ಅಪ್ಪ ತನ್ನ ಕಾಲುಚೀಲ ಮುಟ್ಟಿ ನೋಡಿಕೊಂಡ. ಒಣಗಿತ್ತು. ಅಲ್ಲಿಂದ ಮನೆಯವರೆಗೂ ಅವನು ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದ, ನಾನು ಅವನ ಹಿಂದೆ. ದಾರಿಯಲ್ಲಿ ನನಗೆ ಒಂದು ಮಾತನ್ನೂ ಬೈಯಲಿಲ್ಲ.

ಮನೆಯಲ್ಲಿ ಊಟಕ್ಕೆ ಹೊತ್ತಾಗಿತ್ತು. ಪುಂಡಿಪಲ್ಯ, ಹೆಸರುಕಾಳು, ಬಿಸಿ ರೊಟ್ಟಿ. ಅಪ್ಪ ಬೆಳಕಿಂಡಿಯ ಕೆಳಗೆ ತಾಟಿನ ಮುಂದೆ ಕೂತ. ಬಡಿಸುವುದು ಯಾವಾಗಲೂ ಅವ್ವ. ಆ ದಿನ ಆಯಿ ಅವಳ ಕೈಯಿಂದ ರೊಟ್ಟಿ ತೆಗೆದುಕೊಂಡು ತಾನೇ ಬಂದಳು. ಬಂದವಳು ಹಾಕಲಿಲ್ಲ. ರೊಟ್ಟಿ ಹಿಡಿದುಕೊಂಡೇ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಆವತ್ತ ಎಲ್ಲಿದ್ದಿ?"

ಯಾವತ್ತು ಎಂದು ಅಪ್ಪ ಕೇಳಲಿಲ್ಲ.

"ಹಡಗದಾಗ. ಸಮುದ್ರದ ದಂಡಿ ಬಿಟ್ಟು ಮೂರ ದಿನಾ ಆಗಿತ್ತು. ವಾಯರ್‌ಲೆಸ್ಸಿನಾಂವ ಬಂದ ಚೀಟಿ ಕೊಟ್ಟ. ಬೂಟ ತಿಕ್ಕಾಕತ್ತಿದ್ದೆ."

"ಆಮ್ಯಾಲ?"

"ಮತ್ತ ತಿಕ್ಕಿದೆ."

ಆಯಿ ಅವನ ಮುಖವನ್ನು ನೋಡಿದಳು. ಸಿಟ್ಟಿನಿಂದ ಏಳುತ್ತಾಳೆ ಎಂದುಕೊಂಡೆ. ಏಳಲಿಲ್ಲ.

"ಅಳಲಿಲ್ಲೇನ?"

"ಅಲ್ಲೆ ಅಳಾಕ ಜಾಗಾ ಇರೂದಿಲ್ಲ ಯವ್ವಾ. ಒಂದರ ಮ್ಯಾಲ ಒಂದ ಹಾಸಿಗಿ. ಎಡಕ ಒಬ್ಬಾಂವ, ಬಲಕ ಒಬ್ಬಾಂವ."

ಆಯಿ ರೊಟ್ಟಿಯನ್ನು ತಾಟಿಗೆ ಹಾಕಿ, ಆ ಎಣ್ಣೆ ಕಪ್ಪು ಇನ್ನೂ ಹೋಗಿರದ ಕೈಯನ್ನು ಅವನ ತಲೆಯ ಮೇಲಿಟ್ಟಳು.

"ಇಲ್ಲೆ ಐತಿ ಜಾಗಾ" ಅಂದಳು.

ಅವ್ವ ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಗೋಡೆಯ ಆಚೆಯಿಂದ ಬಂದ ಸದ್ದು ಅಪ್ಪನದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಾವಿಬ್ಬರೂ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಅದನ್ನು ಕೇಳಿದೆವು. ಅಷ್ಟು ಹೊತ್ತಿನಲ್ಲಿ ಸಾಕು, ಸುಮ್ಮನಾಗು ಎಂದು ಆಯಿ ಒಮ್ಮೆಯೂ ಅನ್ನಲಿಲ್ಲ.